ಎಫ್‌ಎಲ್‌ಸಿಟಿ ವಿಮರ್ಶೆ: ಸೂರ್ಯನ ಮೈಮೇಲಿನ ಹರಿವನ್ನು ಲ್ಯಾಪ್‌ಟಾಪ್‌ನಲ್ಲಿ ಅಳೆಯುವವರಿಗೆ

ಎಫ್‌ಎಲ್‌ಸಿಟಿ ಎಂಬ ತಂತ್ರಾಂಶಕ್ಕೆ ಸೂರ್ಯನ ಎರಡು ಚಿತ್ರ ಕೊಟ್ಟರೆ ಪ್ರತಿ ಪಿಕ್ಸೆಲ್‌ಗೂ ಎರಡು ಅಂಕಿ ಕೊಡುತ್ತದೆ: ಅಡ್ಡ ದಿಕ್ಕಿನ ವೇಗ, ಉದ್ದ ದಿಕ್ಕಿನ ವೇಗ. ಚಿತ್ರ ಚೆನ್ನಾಗಿದ್ದರೂ ಕೊಡುತ್ತದೆ, ಕೆಟ್ಟಿದ್ದರೂ ಕೊಡುತ್ತದೆ. ಚಿತ್ರ ತಲೆಕೆಳಗಾಗಿದ್ದರೂ ಕೊಡುತ್ತದೆ. ದಾವಣಗೆರೆ ಎಪಿಎಂಸಿಯ ಕಾಟಾದ ಮೇಲೆ ಹಸಿ ಮೆಕ್ಕೆಜೋಳ ಇಟ್ಟರೂ ಒಣಗಿದ್ದು ಇಟ್ಟರೂ ತೂಕ ಬರುತ್ತದಲ್ಲ, ಹಾಗೆ. ತೇವ ಎಷ್ಟಿದೆ ಅಂತ ಕೈಹಾಕಿ ನೋಡಬೇಕಾದವರು ನಾವೇ. ಈ ವಿಮರ್ಶೆಯ ಬಹುಪಾಲು ಆ ತೇವದ ಬಗ್ಗೆ.

ದಾವಣಗೆರೆ, ಚಿತ್ರದುರ್ಗದ ಕಡೆ ಎಂಎಸ್ಸಿ ಭೌತಶಾಸ್ತ್ರದ ಪ್ರಾಜೆಕ್ಟಿಗೆ ಸೂರ್ಯನ ವಿಷಯ ಹಿಡಿಯುವವರಿಗೆ ಮೊದಲ ಅಡ್ಡಿ ಉಪಕರಣದ್ದು. ಸೌರ ವೀಕ್ಷಣಾಲಯಗಳಿರುವ ಕೊಡೈಕೆನಾಲ್, ಉದಯಪುರ ದೂರ. ಆದರೆ ಈ ಕೆಲಸಕ್ಕೆ ದೂರದರ್ಶಕ ಬೇಕಿಲ್ಲ. ನಾಸಾದ ಎಸ್‌ಡಿಒ ಉಪಗ್ರಹದ ಚಿತ್ರಗಳು ಪುಕ್ಕಟೆ, ತಂತ್ರಾಂಶವೂ ಪುಕ್ಕಟೆ. 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್, ಉಬುಂಟು, ಹತ್ತು ಜಿಬಿ ಖಾಲಿ ಜಾಗ ಇದ್ದರೆ ಸಾಕು.

ಹೆಸರಿನ ಪೂರ್ತಿ ರೂಪ ಫೂರಿಯರ್ ಲೋಕಲ್ ಕೋರಿಲೇಶನ್ ಟ್ರ್ಯಾಕಿಂಗ್. ಬರ್ಕ್ಲಿಯ ಸ್ಪೇಸ್ ಸೈನ್ಸಸ್ ಲ್ಯಾಬೊರೇಟರಿಯ ಜಾರ್ಜ್ ಫಿಶರ್, ಬ್ರಯಾನ್ ವೆಲ್ಷ್ ಬರೆದದ್ದು. ವಿಧಾನ 2004ರಲ್ಲಿ ಪ್ರಕಟವಾಯಿತು, ಒಳಗುಟ್ಟನ್ನು ಬಿಡಿಸಿ ಹೇಳುವ ಪ್ರಬಂಧ 2008ರಲ್ಲಿ ಬಂತು. ಬೇರು ಇನ್ನೂ ಹಿಂದಿನದು: 1988ರಲ್ಲಿ ನವೆಂಬರ್ ಮತ್ತು ಸೈಮನ್ ಗ್ರ್ಯಾನ್ಯೂಲ್‌ಗಳ ಮೇಲೆ ಇದೇ ಉಪಾಯ ಮಾಡಿದ್ದರು. (ನವೆಂಬರ್ ಅಂದರೆ ತಿಂಗಳಲ್ಲ, ಲಾರೆನ್ಸ್ ನವೆಂಬರ್ ಎಂಬ ವಿಜ್ಞಾನಿ. ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ತಿಂಗಳು ಮಾಡಿಬಿಡಬೇಡಿ.)

ಏನನ್ನು ಅಳೆಯುತ್ತಿದ್ದೇವೆ ಅನ್ನುವುದು ಸ್ಪಷ್ಟವಿರಲಿ. ಸೂರ್ಯನ ದ್ಯುತಿಗೋಳ, ಅಂದರೆ ನಮಗೆ ಕಾಣುವ ಮೇಲ್ಮೈ, ಕುದಿಯುವ ಎಸರಿನ ಹಾಗೆ. ಬಿಸಿ ಅನಿಲ ಕೆಳಗಿಂದ ಉಕ್ಕಿ, ಪಕ್ಕಕ್ಕೆ ಹರಡಿ, ತಣ್ಣಗಾಗಿ, ಅಂಚಿನ ಕಪ್ಪು ಗೆರೆಗಳಲ್ಲಿ ಇಳಿಯುತ್ತದೆ. ಹೀಗೆ ಉಕ್ಕಿದ ಒಂದೊಂದು ಗುಳ್ಳೆಯೂ ಒಂದು ಗ್ರ್ಯಾನ್ಯೂಲ್: ಅಗಲ ಸುಮಾರು 1,000ದಿಂದ 1,500 ಕಿ.ಮೀ., ಆಯಸ್ಸು 8–10 ನಿಮಿಷ. ಈ ಗುಳ್ಳೆಗಳ ಹಿಂಡನ್ನೇ ಹೊತ್ತು ಸಾಗುವ ದೊಡ್ಡ ಹರಿವು ಸೂಪರ್‌ಗ್ರ್ಯಾನ್ಯೂಲ್: ಅಗಲ 30,000 ಕಿ.ಮೀ. ಆಸುಪಾಸು, ಆಯಸ್ಸು ಒಂದು ದಿನಕ್ಕೂ ಹೆಚ್ಚು, ವೇಗ ಸೆಕೆಂಡಿಗೆ 300–500 ಮೀಟರ್. ಎಫ್‌ಎಲ್‌ಸಿಟಿಯಿಂದ ನಿಜವಾಗಿ ಹಿಡಿಯಬಹುದಾದದ್ದು ಈ ದೊಡ್ಡ ಹರಿವನ್ನು. ಗ್ರ್ಯಾನ್ಯೂಲ್‌ಗಳು ಇಲ್ಲಿ ಹೊಳೆಯ ಮೇಲೆ ತೇಲುವ ಮಂಡಕ್ಕಿ ಇದ್ದ ಹಾಗೆ. ಮಂಡಕ್ಕಿಯನ್ನು ನೋಡಿ ನೀರಿನ ವೇಗ ಹೇಳುವ ಕೆಲಸ ಇದು. ಒಂದೇ ವ್ಯತ್ಯಾಸ: ಈ ಮಂಡಕ್ಕಿ ಹತ್ತು ನಿಮಿಷಕ್ಕೆ ಕರಗಿ ಹೋಗಿ ಬೇರೆ ಹುಟ್ಟುತ್ತದೆ.

ಕೆಲಸ ಮಾಡುವ ಬಗೆ ಸರಳ. ಒಂದು ಪಿಕ್ಸೆಲ್ ಆರಿಸಿಕೊಂಡು ಅದರ ಸುತ್ತ ಗಾಸಿಯನ್ ಕಿಟಕಿ ಇಡುತ್ತದೆ: ನಡುವೆ ಪೂರ್ತಿ ಬೆಲೆ, ದೂರ ಹೋದಂತೆ ಸೊನ್ನೆಯತ್ತ. ಅದೇ ಕಿಟಕಿಯಲ್ಲಿ ಎರಡನೇ ಚಿತ್ರವನ್ನೂ ನೋಡುತ್ತದೆ. ಎರಡು ತುಣುಕಿನ ಕ್ರಾಸ್ ಕೋರಿಲೇಶನ್ ಅನ್ನು (ಒಂದನ್ನು ಇನ್ನೊಂದರ ಮೇಲೆ ಸರಿಸಿದಾಗ ಎಷ್ಟು ಹೋಲುತ್ತವೆ ಅನ್ನುವ ಅಳತೆ) ಫೂರಿಯರ್ ಮಾರ್ಗದಲ್ಲಿ ಲೆಕ್ಕ ಹಾಕಿ, ಶಿಖರ ಎಲ್ಲಿದೆ ಅಂತ ಪಿಕ್ಸೆಲ್‌ಗಿಂತ ಸಣ್ಣ ಭಾಗದವರೆಗೆ ಹುಡುಕುತ್ತದೆ. ಆ ಸರಿತವನ್ನು (ಸರಿದ ದೂರವನ್ನು) ಪಿಕ್ಸೆಲ್ಲಿನ ಅಳತೆಯಿಂದ ಗುಣಿಸಿ ಸಮಯದಿಂದ ಭಾಗಿಸಿದರೆ ವೇಗ. ಮುಂದಿನ ಪಿಕ್ಸೆಲ್‌ಗೆ ಹೋಗಿ ಮತ್ತೆ ಇದೇ.

ಅನುಸ್ಥಾಪನೆಗೆ ಎಫ್‌ಎಫ್‌ಟಿಡಬ್ಲ್ಯೂ ಲೈಬ್ರರಿಯ 3ನೇ ಆವೃತ್ತಿ ಬೇಕು. ಉಬುಂಟುವಿನಲ್ಲಿ ಬರೀ ಲೈಬ್ರರಿ ಹಾಕಿದರೆ ಸಾಲದು, ಹೆಡರ್ ಫೈಲುಗಳಿರುವ ಡೆವ್ ಪ್ಯಾಕೇಜನ್ನೂ ಹಾಕಬೇಕು. ಕಂಪೈಲ್ ಅರ್ಧಕ್ಕೆ ನಿಂತರೆ ಮೊದಲು ನೋಡಬೇಕಾದ್ದು ಇದನ್ನೇ. ಮೂಲ ಪ್ರೋಗ್ರಾಂ ಸಿ ಭಾಷೆಯದು, ಫಿಟ್ಸ್ ಫೈಲನ್ನು (ಖಗೋಳ ಚಿತ್ರಗಳ ರೂಢಿಯ ಫೈಲ್ ಬಗೆ; ಚಿತ್ರದ ವಿವರವೆಲ್ಲ ಅದರ ತಲೆಬರಹದಲ್ಲಿ, ಅಂದರೆ ಹೆಡರಿನಲ್ಲಿ) ನೇರ ಓದುವುದಿಲ್ಲ. ತನ್ನದೇ ಡ್ಯಾಟ್ ರೂಪಕ್ಕೆ ಬದಲಾಯಿಸಿ ಕೊಡಬೇಕು. ಈ ತಲೆನೋವು ಬೇಡವಾದರೆ ಪೈಥಾನ್‌ಗೆ ಪೈಎಫ್‌ಎಲ್‌ಸಿಟಿ ಎಂಬ ಹೊದಿಕೆ ಇದೆ, ಅರೇಗಳನ್ನು ನೇರ ಕೊಡಬಹುದು. ಅಲ್ಲೂ ಎಡವುವ ಜಾಗ ಒಂದಿದೆ: ಪೈಥಾನ್ ಅರೇಯ ಮೊದಲ ಅಕ್ಷ ವೈ, ಐಡಿಎಲ್ ಭಾಷೆಯ ಕಡೆಯಿಂದ ಬಂದವರಿಗೆ ಅದು ಎಕ್ಸ್. ಸಾಲು–ಕಂಬದ ಕ್ರಮ ತಪ್ಪಿದರೆ ಪಶ್ಚಿಮದ ಹರಿವು ಉತ್ತರದ ಹರಿವಾಗಿ ಬಿಡುತ್ತದೆ, ಯಾವ ಎರರ್ ಮೆಸೇಜೂ ಬರುವುದಿಲ್ಲ.

ಚಿತ್ರ ತರುವುದು

ಎಸ್‌ಡಿಒ ಉಡಾವಣೆಯಾದದ್ದು 2010ರ ಫೆಬ್ರವರಿ 11ರಂದು. ಅದರ ಎಚ್‌ಎಂಐ ಉಪಕರಣದ ಕಿಂಡಿ 14 ಸೆಂ.ಮೀ., ಚಿತ್ರ 4096×4096 ಪಿಕ್ಸೆಲ್, 45 ಸೆಕೆಂಡಿಗೊಂದು. ಒಂದು ಪಿಕ್ಸೆಲ್ ಅಂದರೆ ಸುಮಾರು 0.5 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಡಿಗ್ರಿಯ 3,600ನೇ ಒಂದು ಭಾಗ), ಸೂರ್ಯಬಿಂಬದ ನಡುವೆ ಸುಮಾರು 365 ಕಿ.ಮೀ. ಅಂದರೆ ಒಂದು ಗ್ರ್ಯಾನ್ಯೂಲ್‌ಗೆ ಸಿಗುವುದು ಅಡ್ಡಕ್ಕೆ ಮೂರು–ನಾಲ್ಕು ಪಿಕ್ಸೆಲ್ ಅಷ್ಟೇ. ಜಪಾನಿನ ಹಿನೋಡೆ ಉಪಗ್ರಹದ 50 ಸೆಂ.ಮೀ. ದೂರದರ್ಶಕದಲ್ಲಿ ಇದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಕಾಣುತ್ತದೆ, ಆದರೆ ನೋಟ ಕಿರಿದು. ಕಲಿಯುವವರಿಗೆ ಎಚ್‌ಎಂಐ ಉತ್ತಮ, ಯಾಕೆಂದರೆ ದಿನವಿಡೀ, ವರ್ಷವಿಡೀ, ಪೂರ್ತಿ ಬಿಂಬ.

ಚಿತ್ರಗಳು ಸಿಗುವುದು ಸ್ಟ್ಯಾನ್‌ಫರ್ಡ್‌ನ ಜೆಎಸ್‌ಒಸಿ ಭಂಡಾರದಲ್ಲಿ. ಇಮೇಲ್ ನೋಂದಾಯಿಸಬೇಕು, ಆಮೇಲೆ ಡಿಆರ್‌ಎಂಎಸ್ ಎಂಬ ಪೈಥಾನ್ ಪ್ಯಾಕೇಜಿನಿಂದಲೇ ಬೇಡಿಕೆ ಕಳಿಸಬಹುದು. ಪೂರ್ತಿ ಬಿಂಬ ತರಿಸುವ ಆಸೆ ಬೇಡ. ಬಿಚ್ಚಿದ ಮೇಲೆ ಒಂದೊಂದು ಚಿತ್ರ 64 ಎಂಬಿ. ಒಂದು ಗಂಟೆಗೆ 80 ಚಿತ್ರ, ಅಂದರೆ 5 ಜಿಬಿ. ಅದರ ಬದಲು ಭಂಡಾರದಲ್ಲೇ 512×512 ತುಣುಕು ಕತ್ತರಿಸಿ ಕೊಡುವ ಸೌಲಭ್ಯ ಬಳಸಿ: ಒಂದು ಚಿತ್ರ 1 ಎಂಬಿ, ಗಂಟೆಗೆ 80 ಎಂಬಿ. ಮೊಬೈಲ್ ಹಾಟ್‌ಸ್ಪಾಟಿನಲ್ಲೂ ಇಳಿಯುತ್ತದೆ. ಆ ತುಣುಕಿನ ಅಗಲ 1,87,000 ಕಿ.ಮೀ.; ಅಡ್ಡಕ್ಕೆ ಆರು ಸೂಪರ್‌ಗ್ರ್ಯಾನ್ಯೂಲ್ ಹಿಡಿಸುತ್ತವೆ. ಭಂಡಾರದ ಸೇವೆಗೆ ನಮ್ಮ ಕಡೆಯಿಂದ ಪೂರ್ಣ ಅಂಕ.

ದಿನಾಂಕ ಆರಿಸುವಾಗ ಒಂದು ಎಚ್ಚರಿಕೆ. ಎಸ್‌ಡಿಒ ಭೂಮಿಯ ಸುತ್ತಲಿನ ಕಕ್ಷೆಯಲ್ಲಿರುವುದರಿಂದ ವರ್ಷಕ್ಕೆ ಎರಡು ಬಾರಿ, ಸುಮಾರು ಮೂರು ಮೂರು ವಾರ, ಭೂಮಿಯೇ ಸೂರ್ಯನಿಗೆ ಅಡ್ಡ ಬರುತ್ತದೆ. ದಿನಕ್ಕೆ ಗರಿಷ್ಠ 72 ನಿಮಿಷ ಚಿತ್ರ ಇರುವುದಿಲ್ಲ. ಆ ಕಂಡಿಯನ್ನು ಗಮನಿಸದೆ ಸಾಲಾಗಿ ಜೋಡಿ ಮಾಡಿದರೆ, ಗಂಟೆಗೂ ಮೀರಿದ ಅಂತರದ ಎರಡು ಚಿತ್ರ 45 ಸೆಕೆಂಡಿನ ಜೋಡಿಯಾಗಿ ಕೂತುಬಿಡುತ್ತವೆ. ಫೈಲಿನ ಹೆಸರನ್ನು ನಂಬಬೇಡಿ, ಹೆಡರಿನ ಸಮಯ ಓದಿ ವ್ಯತ್ಯಾಸ ತೆಗೆಯಿರಿ.

ಯೂಟ್ಯೂಬ್ ವಿಡಿಯೊದಿಂದ ಚಿತ್ರ ತೆಗೆದು ಹಾಕುವವರೂ ಇದ್ದಾರೆ. ಬೇಡವೇ ಬೇಡ. ವಿಡಿಯೊ ಸಂಕೋಚನ ತಾನೇ ಚಲನೆಯನ್ನು ಊಹಿಸಿ ಚಿತ್ರ ಕಟ್ಟುತ್ತದೆ. ನೀವು ಅಳೆಯುವುದು ಸೂರ್ಯನನ್ನಲ್ಲ, ಆ ಊಹೆಯನ್ನು. ಜೆಪೆಗ್ ಕೂಡ ಬೇಡ, ಅದರ 8×8 ಚೌಕಗಳು ಕದಲದೆ ನಿಂತು ವೇಗವನ್ನು ಸೊನ್ನೆಯತ್ತ ಎಳೆಯುತ್ತವೆ.

ತೇವ ತೆಗೆಯುವುದು

ಮೊದಲನೆಯದು ತಲೆಕೆಳಗು. ಎಚ್‌ಎಂಐ ಫಿಟ್ಸ್ ಫೈಲಿನ ಹೆಡರಿನಲ್ಲಿ ಕ್ರೋಟಾ2 ಎಂಬ ಸಾಲಿದೆ, ಅದರ ಬೆಲೆ 180 ಡಿಗ್ರಿಯ ಆಸುಪಾಸು. ಅಂದರೆ ಚಿತ್ರ ದಕ್ಷಿಣ ಮೇಲಾಗಿ ಕೂತಿದೆ. ಸನ್‌ಪೈ ಎಂಬ ಪೈಥಾನ್ ಪ್ಯಾಕೇಜಿನಲ್ಲಿ ರೊಟೇಟ್ ಮಾಡದೆ ನೇರ ಅರೇ ತೆಗೆದುಕೊಂಡರೆ ಎಡ–ಬಲ, ಮೇಲೆ–ಕೆಳಗೆ ಎರಡೂ ತಿರುವುಮುರುವು. ಪರೀಕ್ಷೆ ಸುಲಭ: ಸೂರ್ಯಕಲೆಯೊಂದನ್ನು ಆರು ಗಂಟೆ ಅಂತರದಲ್ಲಿ ನೋಡಿ. ಉತ್ತರ ಮೇಲಿದ್ದರೆ ಅದು ಎಡದಿಂದ ಬಲಕ್ಕೆ ಸಾಗಬೇಕು.

ಎರಡನೆಯದು ಸೂರ್ಯನ ತಿರುಗಾಟ. ಭೂಮಿಯಿಂದ ನೋಡಿದಾಗ ಸಮಭಾಜಕದ ಹತ್ತಿರ ಮೇಲ್ಮೈ ದಿನಕ್ಕೆ ಸುಮಾರು 13.2 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ಬಿಂಬದ ನಡುವೆ ಇದು ಸೆಕೆಂಡಿಗೆ 1.86 ಕಿ.ಮೀ. ನೀವು ಹುಡುಕುತ್ತಿರುವ ಹರಿವು ಅರ್ಧ ಕಿಲೊಮೀಟರಿಗಿಂತ ಕಮ್ಮಿ. ಮೊದಲು ಈ ದೊಡ್ಡದನ್ನು ತೆಗೆಯಬೇಕು, ಅಂದರೆ ಪ್ರತಿ ಚಿತ್ರವನ್ನೂ ಒಂದೇ ಕ್ಷಣಕ್ಕೆ ಹಿಂದಿರುಗಿಸಿ ಜೋಡಿಸಬೇಕು. ಬಹಳ ಪ್ರಾಜೆಕ್ಟುಗಳು ಕೆಡುವುದು ಇಲ್ಲಿ. ಲೆಕ್ಕ ನೋಡಿ: 45 ಸೆಕೆಂಡಿಗೆ ಸರಿಯುವುದು 84 ಕಿ.ಮೀ., ಅಂದರೆ 0.23 ಪಿಕ್ಸೆಲ್. ಪೂರ್ತಿ ಒಂದು ಪಿಕ್ಸೆಲ್ ಸರಿಯಲು ಸುಮಾರು 196 ಸೆಕೆಂಡ್. ನೀವು ಚಿತ್ರವನ್ನು ಪೂರ್ಣಾಂಕ ಪಿಕ್ಸೆಲ್‌ಗಳಲ್ಲಿ ಮಾತ್ರ ಸರಿಸಿದರೆ ಮೂರು ಕಾಲು ನಿಮಿಷಕ್ಕೊಮ್ಮೆ ಚಿತ್ರ ಗಕ್ಕನೆ ಹಾರುತ್ತದೆ, ನಡುವೆ ತೆವಳುತ್ತದೆ. ಎಫ್‌ಎಲ್‌ಸಿಟಿ ಅದನ್ನೂ ನಿಷ್ಠೆಯಿಂದ ಅಳೆದು ಕೊಡುತ್ತದೆ. ಸರಾಸರಿ ವೇಗದ ಗ್ರಾಫಿನಲ್ಲಿ 196 ಸೆಕೆಂಡಿನ ಗರಗಸದ ಹಲ್ಲು ಕಂಡರೆ ರೋಗ ಇದೇ. ಮದ್ದು: ಕ್ಯೂಬಿಕ್ ಅಥವಾ ಫೂರಿಯರ್ ಇಂಟರ್‌ಪೊಲೇಶನ್ (ಪಿಕ್ಸೆಲ್‌ಗಳ ನಡುವಿನ ಬೆಲೆ ಲೆಕ್ಕ ಹಾಕುವುದು), ಹತ್ತಿರದ ಪಿಕ್ಸೆಲ್ ತೆಗೆದುಕೊಳ್ಳುವ ವಿಧಾನ ಸರ್ವಥಾ ಬೇಡ. ಅದೂ ಒಂದೇ ಬಾರಿ. ತಿರುಗಿಸಲು ಒಮ್ಮೆ, ಸರಿಸಲು ಒಮ್ಮೆ, ಹಿಗ್ಗಿಸಲು ಒಮ್ಮೆ ಅಂತ ಮೂರು ಸಲ ಇಂಟರ್‌ಪೊಲೇಟ್ ಮಾಡಿದರೆ ಮೂರು–ನಾಲ್ಕು ಪಿಕ್ಸೆಲ್ಲಿನ ಗ್ರ್ಯಾನ್ಯೂಲ್ ಮಸುಕಾಗಿ ಹಿಟ್ಟಾಗುತ್ತದೆ.

ಇದರ ಬಾಲದಲ್ಲೇ ಇನ್ನೊಂದು ಸೂಕ್ಷ್ಮ. ಕ್ಯಾಮೆರಾದ ಮೇಲಿನ ಕಲೆ, ಪಿಕ್ಸೆಲ್‌ಗಳ ಸಂವೇದನೆಯ ಏರುಪೇರು ಸರಿಪಡಿಸಿದ (ಫ್ಲಾಟ್) ಮೇಲೂ ಉಳಿದ ಗುರುತುಗಳು ಡಿಟೆಕ್ಟರಿನಲ್ಲಿ ನಿಂತಿರುತ್ತವೆ. ಸೂರ್ಯನನ್ನು ನೀವು ನಿಲ್ಲಿಸಿದ ಕೂಡಲೇ ಅವು ಪೂರ್ವಕ್ಕೆ ಸೆಕೆಂಡಿಗೆ 1.86 ಕಿ.ಮೀ. ವೇಗದಲ್ಲಿ ಓಡತೊಡಗುತ್ತವೆ. ನಿಮ್ಮ ನಕ್ಷೆಯಲ್ಲಿ ಎಲ್ಲಾದರೂ ಒಂಟಿಯಾಗಿ ಪೂರ್ವಕ್ಕೆ ಓಡುವ ತೇಪೆ ಸಿಕ್ಕರೆ ಹೊಸ ಸಂಶೋಧನೆ ಅಂತ ಹಿಗ್ಗುವ ಮೊದಲು ಕಚ್ಚಾ ಚಿತ್ರ ನೋಡಿ.

ಮೂರನೆಯದು ಐದು ನಿಮಿಷದ ಮಿಡಿತ. ಸೂರ್ಯನ ಮೇಲ್ಮೈ ಧ್ವನಿ ಅಲೆಗಳಿಂದ ಸುಮಾರು ಐದು ನಿಮಿಷಕ್ಕೊಮ್ಮೆ ಉಬ್ಬಿ ತಗ್ಗುತ್ತದೆ, ಬೆಳಕೂ ಅದರ ಜೊತೆ ಏರಿಳಿಯುತ್ತದೆ. ಈ ಅಲೆಗಳು ಹರಿವಲ್ಲ. ತೆಗೆಯುವ ಉಪಾಯ ಸಬ್‌ಸಾನಿಕ್ ಫಿಲ್ಟರ್: ಇಡೀ ಚಿತ್ರಮಾಲೆಯನ್ನು ಮೂರು ಆಯಾಮದ ಫೂರಿಯರ್‌ಗೆ ಒಯ್ದು, ಸೆಕೆಂಡಿಗೆ 4–5 ಕಿ.ಮೀ.ಗಿಂತ ವೇಗವಾಗಿ ಸಾಗುವ ಎಲ್ಲವನ್ನೂ ಅಳಿಸುವುದು. ಅಲ್ಲಿ ಧ್ವನಿಯ ವೇಗ 7 ಕಿ.ಮೀ. ಆಸುಪಾಸು, ಗ್ರ್ಯಾನ್ಯೂಲ್ ಚಲನೆ 1–2 ಕಿ.ಮೀ.; ನಡುವೆ ಬೇಲಿ ಹಾಕಲು ಜಾಗ ಇದೆ. ಮಾಲೆಯ ಮೊದಲ, ಕೊನೆಯ ಕೆಲವು ಚಿತ್ರಗಳು ಈ ಫಿಲ್ಟರಿನಲ್ಲಿ ಕೆಡುತ್ತವೆ, ಅವನ್ನು ಬಿಟ್ಟುಬಿಡಿ. ಒಂದು ಗಂಟೆ ಬೇಕಿದ್ದರೆ 70–75 ನಿಮಿಷದ ಚಿತ್ರ ತರಿಸಿಕೊಳ್ಳಿ.

ಅಂಚಿನತ್ತ ಬೆಳಕು ಕುಂದುವುದನ್ನು ಭಾಗಿಸಿ ತೆಗೆಯುವುದು ಮಾಮೂಲಿ. ಬಿಂಬದ ನಡುವಿನಿಂದ 40 ಡಿಗ್ರಿ ದಾಟಬೇಡಿ. 60 ಡಿಗ್ರಿಯಲ್ಲಿ ಎಲ್ಲವೂ ಅರ್ಧಕ್ಕೆ ಚಪ್ಪಟೆ, ಗ್ರ್ಯಾನ್ಯೂಲ್ ಒಂದೆರಡು ಪಿಕ್ಸೆಲ್‌ಗೆ ಕುಗ್ಗುತ್ತದೆ. ಅಷ್ಟೇ ಅಲ್ಲ, ಓರೆಯಾಗಿ ನೋಡಿದಾಗ ಗ್ರ್ಯಾನ್ಯೂಲ್‌ನ ಒಂದು ಮಗ್ಗುಲು ಹೆಚ್ಚು ಕಂಡು ಇಡೀ ಮೇಲ್ಮೈ ಬಿಂಬದ ನಡುವಿನತ್ತ ಹರಿಯುವಂತೆ ಭ್ರಮೆ ಬರುತ್ತದೆ. ಇದಕ್ಕೆ ಕುಗ್ಗುವ ಸೂರ್ಯ ಅಂತಲೇ ಹೆಸರು, ಲೈಲ್ ಮತ್ತು ಟೂಮ್ರೆ 2004ರಲ್ಲಿ ವಿವರಿಸಿದ್ದು.

ಗುಂಡಿಗಳು

ತಿರುಗಿಸಬೇಕಾದ ಗುಂಡಿಗಳು ಮುಖ್ಯವಾಗಿ ಮೂರು: ಡೆಲ್ಟಾ–ಎಸ್, ಡೆಲ್ಟಾ–ಟಿ, ಸಿಗ್ಮಾ.

ಡೆಲ್ಟಾ–ಎಸ್ ಪಿಕ್ಸೆಲ್ಲಿನ ಅಳತೆ. ಕಿಲೊಮೀಟರಿನಲ್ಲಿ ಕೊಟ್ಟು ಸಮಯ ಸೆಕೆಂಡಿನಲ್ಲಿ ಕೊಟ್ಟರೆ ಉತ್ತರ ಸೆಕೆಂಡಿಗೆ ಕಿ.ಮೀ. ಎಲ್ಲರೂ 365 ಅಂತ ಬರೆದು ಮುಂದೆ ಹೋಗುತ್ತಾರೆ. ಭೂಮಿ ಜನವರಿಯಲ್ಲಿ ಸೂರ್ಯನಿಗೆ ಹತ್ತಿರ, ಜುಲೈಯಲ್ಲಿ ದೂರ. ಅದೇ ಪಿಕ್ಸೆಲ್ ಜನವರಿಯಲ್ಲಿ 359, ಜುಲೈಯಲ್ಲಿ 372 ಕಿ.ಮೀ. ಆಗುತ್ತದೆ. ಮೂರೂವರೆ ಶೇಕಡಾ ವ್ಯತ್ಯಾಸ. ಹೆಡರಿನಲ್ಲಿ ದೂರ ಬರೆದೇ ಇರುತ್ತದೆ, ಅಲ್ಲಿಂದ ಲೆಕ್ಕ ಹಾಕಿ.

ಡೆಲ್ಟಾ–ಟಿ ಎರಡು ಚಿತ್ರಗಳ ನಡುವಿನ ಸಮಯ. ಇದರಲ್ಲಿ ಅತ್ತ ದರಿ ಇತ್ತ ಪುಲಿ. 45 ಸೆಕೆಂಡ್ ಇಟ್ಟರೆ ಸೆಕೆಂಡಿಗೆ ಅರ್ಧ ಕಿ.ಮೀ. ಹರಿವು ಚಿತ್ರದಲ್ಲಿ 0.06 ಪಿಕ್ಸೆಲ್ ಮಾತ್ರ ಸರಿಸುತ್ತದೆ. ಜೋಡಣೆಯ ಚೂರು ತಪ್ಪೂ ಅದನ್ನು ನುಂಗುತ್ತದೆ. ಜಾಸ್ತಿ ಇಟ್ಟರೆ ಗ್ರ್ಯಾನ್ಯೂಲೇ ಬದಲಾಗಿರುತ್ತದೆ. ಚಿತ್ರದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರ ನೆನಪಿಸಿಕೊಳ್ಳಿ. ಮೂರು ರೆಕ್ಕೆ, ಎಲ್ಲ ಒಂದೇ ಥರ. ಎರಡು ಫೋಟೊ ನಡುವೆ ರೆಕ್ಕೆ 100 ಡಿಗ್ರಿ ಮುಂದೆ ಹೋಗಿದ್ದರೆ ಕಣ್ಣಿಗೆ 20 ಡಿಗ್ರಿ ಹಿಂದೆ ಹೋದ ಹಾಗೆ ಕಾಣುತ್ತದೆ, ಯಾಕೆಂದರೆ ಪಕ್ಕದ ರೆಕ್ಕೆ ಆ ಜಾಗಕ್ಕೆ ಬಂದಿದೆ. ಗ್ರ್ಯಾನ್ಯೂಲ್‌ಗಳೂ ಅಕ್ಕಪಕ್ಕದವು ಒಂದೇ ಥರ. ಸರಿತ ಅವುಗಳ ನಡುವಿನ ಅಂತರದ ಅರ್ಧ ದಾಟಿದರೆ ಕೋರಿಲೇಶನ್ ಪಕ್ಕದವನ ಕೈ ಹಿಡಿಯುತ್ತದೆ. ಎಚ್‌ಎಂಐಗೆ 90 ಸೆಕೆಂಡ್ ಒಳ್ಳೆಯ ಆರಂಭ. ಫಿಲ್ಟರ್ ಹಾಕಿದ್ದರೆ 180ರವರೆಗೂ ಹೋಗಬಹುದು. ಫಿಲ್ಟರ್ ಇಲ್ಲದೆ 150ರ ಆಸುಪಾಸು ಇಡಬೇಡಿ: ಐದು ನಿಮಿಷದ ಮಿಡಿತದ ಅರ್ಧ ಸುತ್ತು ಅಲ್ಲೇ ಬೀಳುತ್ತದೆ, ಬೆಳಗಿದ್ದದ್ದು ಕಪ್ಪಾಗಿ ಕಪ್ಪಿದ್ದದ್ದು ಬೆಳಗಾಗಿ ಕೂತಿರುತ್ತದೆ.

ಸಿಗ್ಮಾ ಕಿಟಕಿಯ ಅಗಲ, ಪಿಕ್ಸೆಲ್ ಲೆಕ್ಕದಲ್ಲಿ. ನಾಲ್ಕು ಇಟ್ಟರೆ ಒಂದೆರಡು ಗ್ರ್ಯಾನ್ಯೂಲ್ ಮಾತ್ರ ಒಳಗೆ, ಉತ್ತರ ತುಂಬ ನಡುಗುತ್ತದೆ. 10–15 ಇಟ್ಟರೆ ಸೂಪರ್‌ಗ್ರ್ಯಾನ್ಯೂಲ್ ಹರಿವು ಚೊಕ್ಕವಾಗಿ ಬರುತ್ತದೆ, ಆದರೆ ಅದಕ್ಕಿಂತ ಸಣ್ಣ ವಿವರ ಹೋಗುತ್ತದೆ. ಸಿಗ್ಮಾ ಸೊನ್ನೆ ಇಟ್ಟರೆ ಇಡೀ ಚಿತ್ರಕ್ಕೆ ಒಂದೇ ಸರಿತ ಕೊಡುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ, ಆದರೆ ಜೋಡಣೆ ಸರಿಯಾಗಿದೆಯಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೇರೆಯವರ ಪ್ರಬಂಧದಿಂದ ಬೆಲೆ ಎತ್ತಿಕೊಳ್ಳುವಾಗ ಅವರು ಹೇಳಿದ್ದು ಸಿಗ್ಮಾವೋ, ಅರ್ಧ ಎತ್ತರದಲ್ಲಿನ ಪೂರ್ತಿ ಅಗಲವೋ ಅಂತ ನೋಡಿಕೊಳ್ಳಿ.

ಉಳಿದವು ಚಿಕ್ಕವು. ಕೆ ಎಂಬುದು ಸಣ್ಣ ವಿವರ ಸೋಸುವ ಜರಡಿ, 0.2 ಇಟ್ಟರೆ 10 ಪಿಕ್ಸೆಲ್‌ಗಿಂತ ಚಿಕ್ಕದೆಲ್ಲ ಸವೆಯುತ್ತದೆ, ಗ್ರ್ಯಾನ್ಯೂಲ್ ಸಮೇತ. ಎಚ್‌ಎಂಐ ಬೆಳಕಿನ ಚಿತ್ರಕ್ಕೆ ಅದನ್ನು ಮುಟ್ಟದಿರುವುದೇ ವಾಸಿ. ಸ್ಕಿಪ್ 4 ಇಟ್ಟರೆ ನಾಲ್ಕು ಪಿಕ್ಸೆಲ್‌ಗೊಂದು ಲೆಕ್ಕ, ಕೆಲಸ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಿಗ್ಮಾ 10 ಇರುವಾಗ ಪಕ್ಕಪಕ್ಕದ ಪಿಕ್ಸೆಲ್‌ಗಳ ಉತ್ತರ ಹೇಗೂ ಒಂದೇ, ಹಾಗಾಗಿ ನಷ್ಟವಿಲ್ಲ.

ಕರೆಂಟ್ ಹೋಗುವ ಊರಿನವರಿಗೆ ಒಂದು ಅನುಕೂಲ: ಎಫ್‌ಎಲ್‌ಸಿಟಿ ಒಂದು ಸಲಕ್ಕೆ ಒಂದೇ ಜೋಡಿ ನೋಡುತ್ತದೆ. ಲೂಪಿನಲ್ಲಿ ಪ್ರತಿ ಜೋಡಿಯ ಉತ್ತರವನ್ನೂ ಬೇರೆ ಫೈಲಿಗೆ ಬರೆದು, ಫೈಲ್ ಆಗಲೇ ಇದ್ದರೆ ಬಿಟ್ಟು ಮುಂದೆ ಹೋಗು ಅಂತ ಒಂದು ಸಾಲು ಸೇರಿಸಿದರೆ, ಮಧ್ಯರಾತ್ರಿ ಲ್ಯಾಪ್‌ಟಾಪ್ ಆರಿದರೂ ಹೋಗುವುದು ಒಂದೇ ಜೋಡಿ.

ಅಂಕಿ ಎಷ್ಟು ನಿಜ

ಮೊದಲ ದಿನವೇ ಮಾಡಬೇಕಾದ ಪರೀಕ್ಷೆ: ಒಂದೇ ಚಿತ್ರ ತೆಗೆದುಕೊಂಡು ಫೂರಿಯರ್ ವಿಧಾನದಲ್ಲಿ ಬಲಕ್ಕೆ 0.25 ಪಿಕ್ಸೆಲ್ ಸರಿಸಿ. ಮೂಲವನ್ನೂ ಸರಿಸಿದ್ದನ್ನೂ ಎಫ್‌ಎಲ್‌ಸಿಟಿಗೆ ಕೊಡಿ, ಡೆಲ್ಟಾ–ಎಸ್, ಡೆಲ್ಟಾ–ಟಿ ಎರಡೂ 1 ಇಡಿ. ಅಡ್ಡ ವೇಗ 0.25, ಉದ್ದ ವೇಗ ಸೊನ್ನೆ ಬರಬೇಕು. ಉದ್ದದಲ್ಲಿ ಬಂದರೆ ಅಕ್ಷ ಅದಲುಬದಲು. ಮೈನಸ್ ಬಂದರೆ ಚಿತ್ರಗಳ ಕ್ರಮ ಹಿಂದುಮುಂದು. 0.25ಕ್ಕಿಂತ ಕಮ್ಮಿ ಬಂದರೆ ಗಾಬರಿ ಬೇಡ, ಅದು ಈ ವಿಧಾನದ ಹುಟ್ಟುಗುಣ.

ಕಾರಣ ಕಿಟಕಿಯಲ್ಲೇ ಇದೆ. ಎರಡು ಚಿತ್ರಕ್ಕೂ ಒಂದೇ ಜಾಗದಲ್ಲಿ ಕಿಟಕಿ ಇಟ್ಟಿದ್ದೇವೆ. ವಿನ್ಯಾಸ ಸರಿದಿದೆ, ಕಿಟಕಿ ಸರಿದಿಲ್ಲ. ಆ ಸರಿಯದ ಕಿಟಕಿಯ ಆಕಾರವೇ ಕೋರಿಲೇಶನ್ನಿನ ಶಿಖರವನ್ನು ಸೊನ್ನೆಯತ್ತ ಜಗ್ಗುತ್ತದೆ. ಸಿಗ್ಮಾ ಚಿಕ್ಕದಾದಷ್ಟೂ ಜಗ್ಗಾಟ ಜೋರು. ಈಚಿನ ಆವೃತ್ತಿಗಳಲ್ಲಿ ಇದಕ್ಕೆ ಬಯಾಸ್ ತಿದ್ದುಪಡಿಯ ಆಯ್ಕೆ ಇದೆ, ಆದರೆ ತಾನಾಗಿ ಚಾಲೂ ಆಗುವುದಿಲ್ಲ, ಕೇಳಿ ಪಡೆಯಬೇಕು. ನಮ್ಮ ದೊಡ್ಡ ತಕರಾರು ಇದೇ. ಗೊತ್ತಿಲ್ಲದವರು ಮೊದಲ ದಿನ ಬಳಸುವುದು ತಿದ್ದುಪಡಿ ಇಲ್ಲದ ರೂಪವನ್ನು.

ತಿದ್ದುಪಡಿ ಮಾಡಿದರೂ ಗ್ರ್ಯಾನ್ಯೂಲ್ ಮಟ್ಟದ ಅಂಕಿಯನ್ನು ನಂಬಬಾರದು. ರಿಯುಟೋರ್ಡ್ ಮತ್ತು ಸಂಗಡಿಗರು 2001ರಲ್ಲಿ ಕಂಪ್ಯೂಟರ್ ಅನುಕರಣೆಯೊಂದಿಗೆ ಹೋಲಿಸಿ ಕಂಡದ್ದು: 2,500 ಕಿ.ಮೀ.ಗಿಂತ ದೊಡ್ಡ, ಅರ್ಧ ಗಂಟೆಗಿಂತ ಹೆಚ್ಚು ಬಾಳುವ ಹರಿವಿಗೆ ಮಾತ್ರ ಗ್ರ್ಯಾನ್ಯೂಲ್‌ಗಳು ಒಳ್ಳೆಯ ಸಾಕ್ಷಿ. ಎಚ್‌ಎಂಐಯಲ್ಲಿ ಅದು ಏಳು ಪಿಕ್ಸೆಲ್. ಸರಾಸರಿ ತೆಗೆಯುವಾಗಲೂ ಮೋಸ ಹೋಗುವ ಜಾಗ ಒಂದಿದೆ. ಗಂಟೆಗೆ 80 ಚಿತ್ರ, ವರ್ಗಮೂಲ ಒಂಬತ್ತು, ಗದ್ದಲ (ನಾಯ್ಸ್) ಒಂಬತ್ತರಲ್ಲಿ ಒಂದಾಯಿತು ಅಂತ ಬರೆಯುತ್ತಾರೆ. ಒಂದು ಗ್ರ್ಯಾನ್ಯೂಲ್ 8–10 ನಿಮಿಷ ಬಾಳುವಾಗ ಗಂಟೆಯಲ್ಲಿ ಸಿಗುವುದು ಆರೇಳು ತಲೆಮಾರು ಮಾತ್ರ. ಒಬ್ಬನನ್ನೇ ಹನ್ನೆರಡು ಸಲ ಕೇಳಿದರೆ ಹನ್ನೆರಡು ಸಾಕ್ಷಿ ಆಗುವುದಿಲ್ಲ.

ಇನ್ನೂ ಮುಖ್ಯವಾದದ್ದು, ಎಫ್‌ಎಲ್‌ಸಿಟಿ ಅಳೆಯುವುದು ಬೆಳಕಿನ ವಿನ್ಯಾಸ ಸರಿದದ್ದನ್ನು. ಅನಿಲವೂ ಹಾಗೇ ಸರಿದಿದೆ ಅನ್ನುವುದು ನಮ್ಮ ಊಹೆ. ಊಹೆ ಎಲ್ಲಿ ಮುರಿಯುತ್ತದೆ ಅಂತ ನೋಡಲು ಸೂರ್ಯಕಲೆಯ ಪೆನಂಬ್ರಾಕ್ಕಿಂತ (ಕಪ್ಪು ನಡುವಿನ ಸುತ್ತಲಿನ ನಸುಗಪ್ಪು ಅಂಚು) ಒಳ್ಳೆಯ ಜಾಗ ಇಲ್ಲ. 1909ರಲ್ಲಿ ಜಾನ್ ಎವರ್‌ಶೆಡ್ ಕೊಡೈಕೆನಾಲ್‌ನಲ್ಲಿ ರೋಹಿತದ ಗೆರೆಗಳ ಡಾಪ್ಲರ್ ಸರಿತ ನೋಡಿ, ಪೆನಂಬ್ರಾದಲ್ಲಿ ಅನಿಲ ಹೊರಕ್ಕೆ ಹರಿಯುತ್ತದೆ ಅಂತ ತೋರಿಸಿದರು. ಅದೇ ಪೆನಂಬ್ರಾದ ಒಳಭಾಗದ ಹೊಳೆಯುವ ಕಣಗಳು ಚಿತ್ರಮಾಲೆಯಲ್ಲಿ ಒಳಕ್ಕೆ, ಕಪ್ಪು ನಡುವಿನತ್ತ ತೆವಳುತ್ತವೆ. ಅನಿಲ ಒಂದು ಕಡೆ, ವಿನ್ಯಾಸ ಇನ್ನೊಂದು ಕಡೆ. ಡಾಪ್ಲರ್ ಹೇಳುವುದು ನಮ್ಮತ್ತ ಅಥವಾ ನಮ್ಮಿಂದಾಚೆ ಹೋಗುವ ವೇಗ, ಎಫ್‌ಎಲ್‌ಸಿಟಿ ಹೇಳುವುದು ಚಿತ್ರದ ಹಾಸಿನ ಮೇಲಿನ ವೇಗ. ಒಂದರ ಬದಲು ಇನ್ನೊಂದು ಬಳಸಲು ಬರುವುದಿಲ್ಲ. ಪೆನಂಬ್ರಾ ದಾಟಿ ಹೊರಗೆ ಬಂದರೆ ಸುತ್ತ 10,000–20,000 ಕಿ.ಮೀ. ಅಗಲದ ಕಂದಕದಲ್ಲಿ ಗ್ರ್ಯಾನ್ಯೂಲ್‌ಗಳು ಹೊರಕ್ಕೆ ಸಾಗುತ್ತವೆ, ಸೆಕೆಂಡಿಗೆ ಅರ್ಧ ಕಿ.ಮೀ. ಆಸುಪಾಸು. ಇಲ್ಲಿ ಎಫ್‌ಎಲ್‌ಸಿಟಿ ಚೆನ್ನಾಗಿ ದುಡಿಯುತ್ತದೆ. ಹೊಸಬರು ಮೊದಲ ನಕ್ಷೆಗೆ ಒಂಟಿ, ದುಂಡನೆಯ ಸೂರ್ಯಕಲೆ ಹಿಡಿದು ಈ ಕಂದಕ ಹುಡುಕಲಿ. ಸುತ್ತಲೂ ಹೊರಮುಖದ ಬಾಣಗಳು ಬರದಿದ್ದರೆ ಹಿಂದಿನ ಯಾವುದೋ ಹಂತ ತಪ್ಪಿದೆ.

ಕಾಂತಕ್ಷೇತ್ರದ ನಕ್ಷೆಗಳ ಮೇಲೂ ಇದನ್ನು ಓಡಿಸಬಹುದು. ಅಲ್ಲಿ ಮಿತಿ ಎಂಬ ಗುಂಡಿ ಬೇಕೇಬೇಕು: 45 ಸೆಕೆಂಡಿನ ನಕ್ಷೆಯ ಗದ್ದಲ ಸುಮಾರು 10 ಗಾಸ್, ಅದರ ಮೂರು ಪಟ್ಟಿಗಿಂತ ಕೆಳಗಿನ ಪಿಕ್ಸೆಲ್ ಲೆಕ್ಕದಿಂದ ಬಿಡಿ. ಕೊಟ್ಟ ಮಿತಿ 0 ಮತ್ತು 1ರ ನಡುವೆ ಇದ್ದರೆ ಗರಿಷ್ಠ ಬೆಲೆಯ ಭಾಗ ಅಂತಲೂ, 1 ದಾಟಿದರೆ ನೇರ ಬೆಲೆ ಅಂತಲೂ ಅರ್ಥ ಮಾಡಿಕೊಳ್ಳುತ್ತದೆ. ಕಾಂತಕ್ಷೇತ್ರ ಓರೆಯಾಗಿ ಮೇಲೆದ್ದು ಬರುತ್ತಿದ್ದರೆ ಅದರ ಹೆಜ್ಜೆಗುರುತು ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ಅನಿಲ ಪಕ್ಕಕ್ಕೆ ಹೋಗಿರುವುದಿಲ್ಲ. ಹೊಸ ಕಾಂತಕ್ಷೇತ್ರ ಹುಟ್ಟುವ ಜಾಗಕ್ಕೆ ಶುಕ್ 2008ರಲ್ಲಿ ಕೊಟ್ಟ ಡೇವ್‌4ವಿಎಂ ಉತ್ತಮ, ಅದು ಕಾಂತಕ್ಷೇತ್ರದ ಸಮೀಕರಣವನ್ನೇ ಬಳಸುತ್ತದೆ.

ಬೇರೆ ಆಯ್ಕೆಗಳ ಬಗ್ಗೆ ಎರಡು ಮಾತು. ಚಿತ್ರವನ್ನು ಗುಡ್ಡಗುಂಡಿ ಅಂತ ಭಾವಿಸಿ ಮೇಲೆ ಚೆಂಡು ತೇಲಿಸುವ ಬಾಲ್‌ಟ್ರ್ಯಾಕಿಂಗ್ ವೇಗದ್ದು, ದೊಡ್ಡ ನಕ್ಷೆಗೆ ಒಳ್ಳೆಯದು. 2017ರ ಡೀಪ್‌ವೆಲ್ ನರಜಾಲ ಸಣ್ಣ ಹರಿವನ್ನೂ ಕೊಡುತ್ತದೆ, ಆದರೆ ತರಬೇತಿ ಪಡೆದ ಥರದ ಚಿತ್ರಕ್ಕೆ ಮಾತ್ರ. ಓಪನ್‌ಸಿವಿಯ ಸಿದ್ಧ ಆಪ್ಟಿಕಲ್ ಫ್ಲೋ ಟ್ರಾಫಿಕ್ ಕ್ಯಾಮೆರಾಕ್ಕೆ ಇರಲಿ. ಗ್ರ್ಯಾನ್ಯೂಲ್ ಬೆಳಗುವುದನ್ನೇ ಅದು ಚಲನೆ ಅನ್ನುತ್ತದೆ. ಆದಿತ್ಯ–ಎಲ್1ರ ಸೂಟ್ ದೂರದರ್ಶಕದ ಚಿತ್ರ ಬಳಸಬಹುದಾ ಅಂದರೆ, ಪಿಕ್ಸೆಲ್ 0.7 ಆರ್ಕ್‌ಸೆಕೆಂಡ್, ಒಂದು ಗ್ರ್ಯಾನ್ಯೂಲ್‌ಗೆ ಎರಡು–ಮೂರು ಪಿಕ್ಸೆಲ್ ಮಾತ್ರ. ಗ್ರ್ಯಾನ್ಯೂಲ್ ಹಿಂಬಾಲಿಸಲು ಬೇಡ, ದೊಡ್ಡ ಗುರುತುಗಳಿಗೆ ಆಗಬಹುದು.

ಮನೆ ತಾರಸಿಯ ದೂರದರ್ಶಕದ ಚಿತ್ರಕ್ಕೆ ಎಫ್‌ಎಲ್‌ಸಿಟಿ ಹಾಕುವ ಆಸೆಯವರು ಈ ಲೆಕ್ಕ ನೋಡಿ: ಗಾಳಿಯ ಅದುರಾಟಕ್ಕೆ ಚಿತ್ರ ಒಂದು ನಿಮಿಷದಲ್ಲಿ 1 ಆರ್ಕ್‌ಸೆಕೆಂಡ್ ಅಲುಗಿದರೆ ಅದು ಸೆಕೆಂಡಿಗೆ 12 ಕಿ.ಮೀ. ಸುಳ್ಳು ವೇಗ. ಏಪ್ರಿಲ್ ಮಧ್ಯಾಹ್ನದ ಕಾದ ತಾರಸಿಯಲ್ಲಿ ಅದಕ್ಕಿಂತ ಹೆಚ್ಚೇ ಅಲುಗುತ್ತದೆ. ಗ್ರ್ಯಾನ್ಯೂಲ್ ಬಿಡಿ, ಸೂರ್ಯಕಲೆ ಹಿಡಿಯಿರಿ. ಗಂಟೆಗೆ 9 ಆರ್ಕ್‌ಸೆಕೆಂಡ್ ಸರಿಯುವ ಕಲೆಯಿಂದ ಸೂರ್ಯನ ತಿರುಗಾಟ ಮೂರು ದಿನದಲ್ಲಿ ಸಿಗುತ್ತದೆ. ದೂರದರ್ಶಕದ ಮುಂಬದಿಗೆ ಪ್ರಮಾಣಿತ ಸೌರ ಫಿಲ್ಟರ್ ಇಲ್ಲದೆ ಕಣ್ಣಾಗಲಿ ಕ್ಯಾಮೆರಾ ಆಗಲಿ ಇಡಬಾರದು. ನಮ್ಮ ಊರುಗಳಿಗೇ ವಿಶೇಷವಾದ ತೊಡಕು ಇನ್ನೊಂದು: 14 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೆ, ಆಗಸ್ಟ್ ಮಧ್ಯಕ್ಕೆ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲೇ ಬರುತ್ತಾನೆ. ಮೇಲೆ–ಕೆಳಗೆ, ಎಡ–ಬಲ ಮಾತ್ರ ತಿರುಗುವ ಮೌಂಟ್ ಇದ್ದರೆ ಆ ಹೊತ್ತಿಗೆ ಚಿತ್ರ ಗಿರ‍್ರನೆ ತಿರುಗುತ್ತದೆ, ನಕ್ಷೆಯಲ್ಲಿ ಇಡೀ ಸೂರ್ಯ ಸುಳಿಯಂತೆ ಕಾಣುತ್ತಾನೆ. ಬೆಳಗ್ಗೆ ಎಂಟರ ಮೊದಲು ಮುಗಿಸಿ.

ಎಫ್‌ಎಲ್‌ಸಿಟಿಗೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಬಯಾಸ್ ತಿದ್ದುಪಡಿಯನ್ನು ಕೇಳಿ ಪಡೆಯಬೇಕಾದ್ದಕ್ಕೆ.

ಕೊನೆಗೆ ನಕ್ಷೆ ಸರಿಯೋ ಅಂತ ತಿಳಿಯಲು ಮಂಡಕ್ಕಿ ಪರೀಕ್ಷೆ ಮಾಡಿ (ಪ್ರಬಂಧಗಳಲ್ಲಿ ಕಾರ್ಕ್ ಅನ್ನುತ್ತಾರೆ). 12 ಗಂಟೆಯ ಚಿತ್ರ ತರಿಸಿ: 960 ಚಿತ್ರ, 1 ಜಿಬಿಗೆ ತುಸು ಕಮ್ಮಿ. ಗಂಟೆಗೊಂದು ಸರಾಸರಿ ಹರಿವಿನ ನಕ್ಷೆ ಮಾಡಿ. ಮೊದಲ ನಕ್ಷೆಯ ಮೇಲೆ ನಾಲ್ಕು ಪಿಕ್ಸೆಲ್‌ಗೊಂದರಂತೆ ಚುಕ್ಕಿ ಚೆಲ್ಲಿ, ಪ್ರತಿ ಚುಕ್ಕಿಯನ್ನೂ ಅಲ್ಲಿನ ವೇಗದಂತೆ ಸರಿಸುತ್ತಾ ಹೋಗಿ. ಸೆಕೆಂಡಿಗೆ 400 ಮೀಟರಿನಂತೆ ಸೂಪರ್‌ಗ್ರ್ಯಾನ್ಯೂಲ್‌ನ ನಡುವಿನಿಂದ ಅಂಚಿಗೆ 15,000 ಕಿ.ಮೀ. ಸಾಗಲು ಹತ್ತೂವರೆ ಗಂಟೆ ಬೇಕು, ಹಾಗಾಗಿ ಅವಸರ ಬೇಡ. ಚುಕ್ಕಿಗಳು ಅಂಚುಗಳಲ್ಲಿ ಸಾಲುಗಟ್ಟಿ ಬಲೆಯಂತೆ ನಿಲ್ಲಬೇಕು. ಈಗ ಅದೇ ಜಾಗದ, ಕೊನೆಯ ಗಂಟೆಯ ಕಾಂತಕ್ಷೇತ್ರದ ನಕ್ಷೆ ತಂದು ಮೇಲಿಡಿ. ಅದೇ ಹರಿವು ಕಾಂತಕ್ಷೇತ್ರವನ್ನೂ ಅಂಚಿಗೆ ಗುಡಿಸಿರುವುದರಿಂದ ಎರಡು ಬಲೆಗಳೂ ಹೆಚ್ಚುಕಮ್ಮಿ ಕೂಡಬೇಕು. ಕೂಡದಿದ್ದರೆ ಸಿಗ್ಮಾ ತಿರುವುವ ಮೊದಲು ಕ್ರೋಟಾ2 ನೋಡಿ.